ಸಿಸ್ಟರ್ ಬಿಚ್ಚಿಹಾಕಿದ ನೀಲಿ ಬಾಗಿಲು

ಮೊದಲೇ ಹೇಳಿಬಿಡುತ್ತೇನೆ, ಇಂಥ ಸಂಗತಿಗಳನ್ನು ನಾನು ನಂಬುವವಳಲ್ಲ. ಹನ್ನೊಂದು ವರ್ಷ ಕಾನ್ವೆಂಟಿನಲ್ಲಿ ಓದಿದವಳು ನಾನು. ಅಲ್ಲಿ ನಾನ್‌ಸೆನ್ಸ್‌ಗೆ ಜಾಗವಿರಲಿಲ್ಲ. ಗೆಳತಿಯರು ಯಾರಾದರೂ ದನಿ ತಗ್ಗಿಸಿ ತಮ್ಮ ವಿಚಿತ್ರ ಅನುಭವ ಶುರು ಮಾಡಿದರೆ, ಟೀ ಮಾಡುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಈಗ ನಾನೇ ಹೇಳಲು ಕುಳಿತಿದ್ದೇನೆ. ನೀವು ಎದ್ದು ಹೋದರೆ ತಪ್ಪು ತಿಳಿಯುವುದಿಲ್ಲ.

ಸೆಂಬವಾಂಗ್‌ನ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ, ಟಿವಿಯ ಪಕ್ಕ, ಫ್ರೇಮ್ ಹಾಕಿಸಿದ ಒಂದು ಹೊಲಿಗೆ ಇದೆ. ದಪ್ಪ ಗೋಡೆಯ ಕೋಟೆ, ಎರಡು ಬುರುಜು, ಕೆಳಗೆ ಸಮುದ್ರ. ನಾನು ಧಾರವಾಡದಲ್ಲಿ ಏಳನೇ ಇಯತ್ತೆಯಲ್ಲಿದ್ದಾಗ ಹೊಲಿದದ್ದು. ಮದುವೆಯಾಗಿ, ಯಜಮಾನರ ಶಿಪ್‌ಯಾರ್ಡ್ ನೌಕರಿಗೆಂದು ಪರದೇಶದ ಈ ಊರಿಗೆ ಬರುವಾಗ ಟ್ರಂಕಿನ ತಳದಲ್ಲಿ ಇಟ್ಟುಕೊಂಡು ಬಂದೆ. ಯಜಮಾನರು ಹೋಗಿ ಒಂಬತ್ತು ವರ್ಷವಾಯಿತು, ಹೊಲಿಗೆ ಅಲ್ಲೇ ಇದೆ.

ನಮಗೆ ನೀಡಲ್‌ವರ್ಕ್ ಕಲಿಸುತ್ತಿದ್ದವರು ಸಿಸ್ಟರ್ ಕಾರ್ಮೆಲಾ. ಮಾಲ್ಟಾ ಎಂಬ ದ್ವೀಪದವರು. ತಮ್ಮ ಊರಿನ ಸಮುದ್ರದಂಡೆಯ ಕೋಟೆಯನ್ನು ನೆನಪಿನಿಂದಲೇ ಗ್ರಾಫ್ ಪೇಪರಿನ ಮೇಲೆ ಬರೆದು, ಇಡೀ ಕ್ಲಾಸಿಗೆ ಅದನ್ನೇ ಕ್ರಾಸ್-ಸ್ಟಿಚ್‌ನಲ್ಲಿ ಹೊಲಿಯಲು ಕೊಟ್ಟರು. ಮನೆಯಲ್ಲಿ ನಮ್ಮ ಅಜ್ಜಿ ಇಳಕಲ್ ಸೀರೆಯ ಮೇಲೆ ಎಳೆ ಎಣಿಸಿ ಕಸೂತಿ ಹಾಕುತ್ತಿದ್ದಳು. ಆ ಕೈಯೇ ನನಗೂ ಬಂದಿತ್ತು. ಎಲ್ಲರಿಗಿಂತ ಬೇಗ ಹೊಲಿದೆ. ಬೇಗ ಹೊಲಿದು, ಪೇಪರಿನಲ್ಲಿ ಇಲ್ಲದ್ದನ್ನೂ ಹೊಲಿದೆ. ಕೋಟೆಯ ಎಡ ಮೂಲೆಯಲ್ಲಿ, ತುಸು ವಾಲಿದಂತೆ, ಒಂದು ಗಿಡ್ಡ ನೀಲಿ ಬಾಗಿಲು. ಅದರ ಕೆಳಗೆ ನೀರಿಗಿಳಿಯುವ ಮೂರು ಮೆಟ್ಟಿಲು. ಯಾಕೆ ಹೊಲಿದೆ ಎಂದರೆ ನನಗೆ ಗೊತ್ತಿಲ್ಲ. ಕೈ ಹೋಯಿತು, ಅಷ್ಟೇ.

ಸಿಸ್ಟರ್ ಅದನ್ನು ನೋಡಿದವರು ಕುರ್ಚಿಯ ಮೇಲೆ ಕುಳಿತುಬಿಟ್ಟರು. "ಹೂ ಟೋಲ್ಡ್ ಯು?" ಎಂದು ಕೇಳಿದರು. ಯಾರೂ ಹೇಳಿಲ್ಲ ಸಿಸ್ಟರ್, ಎಂದೆ. ಕ್ಲಾಸಿನ ಕಪಾಟಿನಲ್ಲಿ ಅವರದೊಂದು ಟಾಫಿ ಡಬ್ಬಿ ಇರುತ್ತಿತ್ತು. ಅದರಲ್ಲಿ ಅವರ ಮನೆಯ ಪತ್ರಗಳಿವೆ ಎಂದು ಆಮೇಲೆ ಎಲ್ಲರಿಗೂ ತಿಳಿಯಿತು. ಅದೇ ವಾರ ಯಾರೋ ಆ ಡಬ್ಬಿಯನ್ನು ತೆರೆದು, ಮುಚ್ಚಳ ಸರಿಯಾಗಿ ಹಾಕದೆ ಬಿಟ್ಟಿದ್ದರು. ಸಿಸ್ಟರ್ ಲೆಕ್ಕ ಹಾಕಿದರು: ಬಾಗಿಲು ಇವಳಿಗೆ ಗೊತ್ತು, ಅಂದರೆ ಡಬ್ಬಿ ತೆರೆದವಳು ಇವಳೇ. ಅಸೆಂಬ್ಲಿಯಲ್ಲಿ ಎಲ್ಲರ ಮುಂದೆ ನನ್ನ ಗುಡ್ ಕಾಂಡಕ್ಟ್ ರಿಬ್ಬನ್ ತೆಗೆದರು. ಬಾಗಿಲನ್ನು ತಾವೇ ಒಂದೊಂದು ಎಳೆ ಹಿಡಿದು ಬಿಚ್ಚಿಹಾಕಿದರು. ನನಗೆ ಬರಬೇಕಿದ್ದ ಫಸ್ಟ್ ಪ್ರೈಜ್, ಕೊಕ್ಕರೆಯ ಆಕಾರದ ಪುಟ್ಟ ಕತ್ತರಿ, ನನ್ನ ಪಕ್ಕದ ಕುಸುಮಾಳಿಗೆ ಹೋಯಿತು. ಮುಂದಿನ ವರ್ಷ ಸಿಸ್ಟರ್‌ಗೆ ಟ್ರಾನ್ಸ್‌ಫರ್ ಆಯಿತು. ಹೋಗುವ ದಿನ ಎಲ್ಲ ಹುಡುಗಿಯರ ತಲೆ ಸವರಿದರು. ನನ್ನದೊಂದನ್ನು ಬಿಟ್ಟು.

ಕುಸುಮಾಳೂ ಈಗ ಇದೇ ಊರಿನಲ್ಲಿದ್ದಾಳೆ, ಒನ್-ನಾರ್ತ್ ಹತ್ತಿರದ ಕಾಂಡೋದಲ್ಲಿ, ಮಗಳ ಜೊತೆ. ಪ್ರತಿ ಬುಧವಾರ ಲಿಟಲ್ ಇಂಡಿಯಾದಲ್ಲಿ ಇಬ್ಬರೂ ದೋಸೆ ತಿಂದು, ಕಾಫಿ ಕುಡಿದು, ಬೆಂಡೆಕಾಯಿ ಮುರಿದು ನೋಡಿ ಕೊಂಡು ಬರುತ್ತೇವೆ. ವರ್ಷಕ್ಕೆ ಎರಡು ಸಲವಾದರೂ ನಾನು ಆ ಮಾತು ತೆಗೆಯುತ್ತಿದ್ದೆ, ಡಬ್ಬಿ ನಾನು ತೆರೆದಿರಲಿಲ್ಲ ಎಂದು. ಅವಳದು ಒಂದೇ ಉತ್ತರ: "ಆತ ಬಿಡವಾ, ಯಾರ ತಗದ್ರೇನು, ಅರವತ್ತ ವರ್ಷ ಆತು." ಆ 'ಬಿಡವಾ' ನನಗೆ ಚುಚ್ಚುತ್ತಿತ್ತು. ಯಜಮಾನರು ನನ್ನನ್ನು ನಂಬಿದ್ದರು, ಮಕ್ಕಳು ನಂಬಿದ್ದರು. ಆದರೆ ಅವರ‍್ಯಾರೂ ಆ ಕ್ಲಾಸಿನಲ್ಲಿ ಇರಲಿಲ್ಲವಲ್ಲ. ಇದ್ದವಳು ಇವಳೊಬ್ಬಳು. ಇವಳ ಬಾಯಿಂದ ಒಮ್ಮೆ 'ಹೌದು, ನೀನಲ್ಲ' ಎಂದು ಕೇಳಿ ಸಾಯಬೇಕು ಎಂಬುದು ನನ್ನ ಆಸೆಯಾಗಿತ್ತು.

ನಾಲ್ಕು ವರ್ಷದ ಹಿಂದೆ ಅವಳ ಮಗಳು ನಮ್ಮಿಬ್ಬರನ್ನೂ ಒಂದು ಸೀನಿಯರ್ಸ್ ಟೂರಿಗೆ ಬುಕ್ ಮಾಡಿದಳು. ಮೆಡಿಟರೇನಿಯನ್ ದ್ವೀಪದ ಕೋಟೆ ಕೊತ್ತಲಗಳು, ಹತ್ತು ದಿನ. ದ್ವೀಪ ಯಾವುದೆಂದು ಓದಿ ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹೋದ ಮೇಲೆ ಮಾತ್ರ ಏನು ಮಜ ಅಂತೀರಿ! ಜೇನು ಬಣ್ಣದ ಕಲ್ಲು, ಅದರ ಹಿಂದೆಯೇ ನೀಲಿ ಸಮುದ್ರ. ಎರಡು ಮಂಡಿಪಟ್ಟಿ, ಎರಡು ಹ್ಯಾಟು, ಒಂದು ಬಾಟಲಿ ಶೇಂಗಾ ಚಟ್ನಿಪುಡಿ ನಮ್ಮ ಜೊತೆ. ಪ್ರತಿ ಬುರುಜಿನ ಮೇಲೂ ಕುಸುಮ ಸೊಂಟದ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡಳು. "ನೋಡ್ಲೇ, ಕಿತ್ತೂರಿನಿಂದ ಬಂದಾಕಿ ಹಂಗ ಕಾಣಸ್ತೀನೋ ಇಲ್ಲೋ?"

"ಕಿತ್ತೂರಿನಾಕಿ ಮಂಡಿಗೆ ಪಟ್ಟಿ ಕಟ್ಟಿರ್ಲಿಲ್ಲವಾ."

"ಕಟ್ಟಿದ್ಲೋ ಏನೋ, ನೀ ಏನ್ ನೋಡಾಕ ಹೋಗಿದ್ದ್ಯಾ?"

ನಾಲ್ಕನೆಯ ದಿನ ಮಧ್ಯಾಹ್ನ ಬಸ್ಸು ಒಂದು ಸಣ್ಣ ಹಳ್ಳಿಯ ಕೋಟೆಯ ಮುಂದೆ ನಿಂತಿತು. ಎರಡು ಬುರುಜು, ದಪ್ಪ ಗೋಡೆ. ಟಿವಿಯ ಪಕ್ಕ ದಿನಾ ನೋಡುವುದು ಎದುರಿಗೆ ಎದ್ದು ನಿಂತಿತ್ತು. ಕುಸುಮ ನನ್ನ ರಟ್ಟೆ ಹಿಡಿದಳು. "ಲೇ, ಇದು ಸಿಸ್ಟರ್ ಕ್ವಾಟಿ ಅಲ್ಲೇನ?"

"ಎಡಕ್ಕೆ ಬಾ," ಎಂದೆ. "ಆ ಮೂಲ್ಯಾಗ ಬಾಗಲಾ ಇರಬೇಕು."

"ಚಾಲೂ ಆತ ನೋಡ ಈಕಿದು!" ಎಂದು ನಗುತ್ತಲೇ ಹಿಂದೆ ಬಂದಳು.

ಗೋಡೆಯ ಗುಂಟ ನಡೆದು ಮೂಲೆ ತಿರುಗಿದೆವು. ಒಬ್ಬ ಮುದುಕರು ಮೊಣಕಾಲೂರಿ ಕುಳಿತು ಒಂದು ಗಿಡ್ಡ ಬಾಗಿಲಿಗೆ ಬಣ್ಣ ಬಳಿಯುತ್ತಿದ್ದರು. ನೀಲಿ ಬಣ್ಣ. ಕಲ್ಲಿನ ಚೌಕಟ್ಟು ತುಸು ವಾಲಿತ್ತು. ಕೆಳಗೆ ಮೂರು ಮೆಟ್ಟಿಲು, ಮೂರನೆಯದರ ಮೇಲೆ ಅಲೆ ಬಂದು ಹೋಗುತ್ತಿತ್ತು.

ಅವರು ಆ ಕೋಟೆ ನೋಡಿಕೊಳ್ಳುವವರು. ತಾವಾಗಿಯೇ ಹೇಳಿದರು. ಹಿಂದೆ ಊರಿನ ಮಕ್ಕಳು ಈ ಬಾಗಿಲಿನಿಂದ ಈಜಲು ಇಳಿಯುತ್ತಿದ್ದರಂತೆ. ಯುದ್ಧದ ಕಾಲದಲ್ಲಿ ಕಲ್ಲಿಟ್ಟು ಮುಚ್ಚಿ, ಗಾರೆ ಬಳಿದುಬಿಟ್ಟರಂತೆ. ಹೋದ ಚಳಿಗಾಲದಲ್ಲಷ್ಟೇ ತೆರೆದದ್ದು. ಯಾವ ಚಿತ್ರದಲ್ಲೂ, ಪುಸ್ತಕದಲ್ಲೂ ಇದು ಇಲ್ಲ. ಹಳೆಯ ತಿರುಗಣಿಯ ಸಂದಿಯಲ್ಲಿ ಚೂರು ನೀಲಿ ಸಿಕ್ಕಿತು, ಅದಕ್ಕೇ ಅದೇ ಬಣ್ಣ. "ವೆಟ್ ಪೇಂಟ್, ಮ್ಯಾಡಮ್," ಎನ್ನುವಷ್ಟರಲ್ಲಿ ನಾನು ಮುಟ್ಟಿಯಾಗಿತ್ತು.

ನೀಲಿ ಬೆರಳು ಹಿಡಿದುಕೊಂಡು, ಚಪ್ಪಲಿ ಕಳಚಿ, ಆ ಮೆಟ್ಟಿಲ ಮೇಲೆ ಕುಳಿತು ನೀರಿಗೆ ಕಾಲು ಬಿಟ್ಟೆ. ಅಷ್ಟು ಸಂತೋಷ ನನಗೆ ಮೊದಲ ಮಗು ಹುಟ್ಟಿದಾಗ ಆಗಿತ್ತು, ಆಮೇಲೆ ಆದದ್ದು ಅಂದೇ. "ನೋಡಿದಿ? ನೋಡಿದಿಲ್ಲೋ?" ಎಂದು ತಿರುಗಿದೆ. ಕುಸುಮ ನಗುತ್ತಿರಲಿಲ್ಲ. ಬಾಗಿಲನ್ನೇ ನೋಡುತ್ತ ನಿಂತಿದ್ದಳು.

ಆಗ ನನಗೆ ತಿಳಿಯಿತು, ನಾನೆಂಥ ದಡ್ಡಿ ಎಂದು. ಬಾಗಿಲು ಸುಳ್ಳಾಗಿದ್ದರೆ ನಾನು ಏನೋ ಕಲ್ಪಿಸಿಕೊಂಡು ಹೊಲಿದ ಹುಡುಗಿ. ಬಾಗಿಲು ನಿಜವಾದರೆ ಡಬ್ಬಿ ತೆರೆದ ಹುಡುಗಿ! ಇನ್ನು ಹೇಗೆ ಗೊತ್ತಾಗಬೇಕು? ನನ್ನ ಸಾಕ್ಷಿಯೇ ನನ್ನ ವಿರುದ್ಧ ತಿರುಗಿತ್ತು. ಅಷ್ಟೇ ಅಲ್ಲ, ಮೊದಲ ಸಲ ನನಗೇ ನನ್ನ ಮೇಲೆ ಅನುಮಾನ ಬಂತು. ತೆರೆದಿದ್ದೆನೇ? ತೆರೆದು ಮರೆತೆನೇ?

ಉಳಿದ ದಿನ ಕುಸುಮ ಫೋಟೋ ತೆಗೆಸಿಕೊಳ್ಳಲಿಲ್ಲ. ಮುಂದಿನ ಬುಧವಾರ ಲಿಟಲ್ ಇಂಡಿಯಾಕ್ಕೆ ಬರಲಿಲ್ಲ. ನಾನೊಬ್ಬಳೇ ಅರ್ಧ ದೋಸೆ ತಿಂದು ಎದ್ದು ಬಂದೆ. ಸಂಜೆ ಫೋನು: "ನಿಮ್ಮ ವಾಯ್ಡ್ ಡೆಕ್‌ನ್ಯಾಗ ಕುಂತೀನಿ. ಮ್ಯಾಲ ಬರಾಕ ಮುಖ ಇಲ್ಲ. ನೀನ ಕೆಳಗ ಬಾ."

ಇಳಿದು ಹೋದೆ. ನಮ್ಮ ಬ್ಲಾಕಿನ ಕೆಳಗಿನ ತೆರೆದ ಜಾಗದ ಕಲ್ಲುಬೆಂಚಿನ ಮೇಲೆ, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಕುಳಿತಿದ್ದಳು, ಹೆಡ್‌ಮಿಸ್ಟ್ರೆಸ್ ರೂಮಿನ ಹೊರಗೆ ಕುಳಿತ ಹುಡುಗಿಯ ಹಾಗೆ.

"ಆ ಡಬ್ಬಿ ತಗದಾಕಿ ನಾನ," ಎಂದಳು.

ನಾನು ಅವಳ ಪಕ್ಕ ಕುಳಿತೆ.

"ಪೇಪರ್‌ಮಿಂಟ್ ಇರ್ತಾವ ಅನ್ಕೊಂಡಿದ್ನಿ. ಮ್ಯಾಲ ಟಾಫಿ ಚಿತ್ರ ಇತ್ತಲ್ಲ. ತಗದ ನೋಡಿದ್ರ ಬರೇ ಪತ್ರ. ಅದೂ ಅವರ ಭಾಷಾದಾಗ, ಒಂದ ಅಕ್ಷರ ತಿಳೀಲಿಲ್ಲ. ಒಂದ ಫೋಟೋ ಇಲ್ಲ, ಚಿತ್ರ ಇಲ್ಲ. ಅಂಜಿ ಮುಚ್ಚಳ ಒಗದ ಓಡಿದ್ನಿ."

"ಅಸೆಂಬ್ಲ್ಯಾಗ ನನ್ನ ರಿಬ್ಬನ್ ತಗದಾಗ ಬಾಯಿ ಬಿಡ್ಲಿಲ್ಲಲ್ಲೇ, ಕಳ್ಳಿ!"

"ಬಿಡ್ಲಿಲ್ಲ. ಅರವತ್ತ ವರ್ಷ ಬಿಡ್ಲಿಲ್ಲ. ಈಕಿ ಸುಮ್ನ ಏನೋ ಹೊಲದಾಳ, ಸಿಸ್ಟರ್ ಸುಮ್ನ ಸಿಟ್ಟಾಗ್ಯಾರ, ಹೋಗ್ಲಿ ಅಂತ ಇದ್ನಿ. ಆ ಬಾಗಲಾ ನೋಡಿದಾಗಿಂದ ನಿದ್ದಿ ಇಲ್ಲ ನನಗ. ಡಬ್ಬ್ಯಾಗ ಇರ್ಲಿಲ್ಲ ಅದು. ಎಲ್ಲೂ ಇರ್ಲಿಲ್ಲ." ನನ್ನ ಕೈ ಹಿಡಿದಳು. "ನಿನಗ ಹೆಂಗ ಗೊತ್ತಾತವಾ?"

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಅವಳಿಗೂ ತಡೆಯಲಾಗಲಿಲ್ಲ. ಆಚೆ ಮೇಜಿನ ಚೀನೀ ಆಂಟಿ ಗಾಬರಿಯಾಗಿ, "ಆಂಟಿ, ಯು ಓಕೆ ಆರ್ ನಾಟ್?" ಎಂದು ಕೇಳಿದರು. "ವೆರಿ ಓಕೆ ಲಾ!" ಎಂದೆ. ಇಲ್ಲಿನವರು ಮಾತಿನ ಕೊನೆಗೆ ಸೇರಿಸುವ ಆ 'ಲಾ' ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಕುಸುಮ ಕೈಚೀಲದಿಂದ ಕರವಸ್ತ್ರದ ಗಂಟು ತೆಗೆದಳು. ಒಳಗೆ ಕೊಕ್ಕರೆ ಕತ್ತರಿ. "ತಗೋ, ನಿಂದು."

"ತುಕ್ಕ ಹಿಡಿಸಿ ಕೊಡಾಕತ್ತೀಯಲ್ಲೇ!"

ಮೇಲೆ ಹೋಗಿ ಫ್ರೇಮ್ ಇಳಿಸಿ, ಗಾಜು ತೆಗೆದು, ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆವು. ಎಡ ಮೂಲೆಯಲ್ಲಿ ಸೂಜಿಯ ತೂತುಗಳು ಹಾಗೇ ಇದ್ದವು. ವಾಲಿದ ಬಾಗಿಲು, ಮೂರು ಮೆಟ್ಟಿಲು.

ನನ್ನ ಮಗಳು ಬುದ್ಧಿವಂತೆ. ಇದಕ್ಕೆ ಒಂದು ಎಕ್ಸ್‌ಪ್ಲನೇಶನ್ ಕೊಟ್ಟಳು: ಕಸೂತಿಯ ಗೋಪುರಕ್ಕೆ ಬಾಗಿಲು ಇದ್ದೇ ಇರುತ್ತದೆ, ಅಜ್ಜಿಯ ಹತ್ತಿರ ಕಲಿತ ಕೈ ಕೋಟೆಗೂ ಒಂದು ಬಾಗಿಲು ಇಟ್ಟಿರಬೇಕು ಎಂದು. ಇರಬಹುದು. ಆದರೆ ಗೋಪುರದ ಬಾಗಿಲು ನಟ್ಟನಡುವೆ ಇರುತ್ತದೆ, ನೆಟ್ಟಗಿರುತ್ತದೆ. ಸಮುದ್ರವನ್ನೇ ಕಾಣದ ನನ್ನ ಅಜ್ಜಿ ನೀರಿಗಿಳಿಯುವ ಮೆಟ್ಟಿಲನ್ನು ಎಂದಾದರೂ ಹಾಕಿದ್ದಳೇ? ಹಾಗೆಂದು ಕೇಳಿದೆ. ಮಗಳು, "ನಿಮ್ಮಿಬ್ಬರಿಗೂ ಟೀ ಮಾಡ್ತೀನಿ," ಎಂದು ಎದ್ದು ಹೋದಳು.

ಮರು ಬುಧವಾರ ಲಿಟಲ್ ಇಂಡಿಯಾದಲ್ಲಿ ನೀಲಿ ದಾರ ಕೊಂಡು ತಂದೆವು. ಕುಸುಮಾಳ ಕಣ್ಣು ನನ್ನದಕ್ಕಿಂತ ಚೆನ್ನಾಗಿದೆ, ಸೂಜಿಗೆ ಅವಳೇ ಪೋಣಿಸಿಕೊಟ್ಟಳು. ದಾರವನ್ನು ಆ ತುಕ್ಕು ಕತ್ತರಿಯಲ್ಲೇ ಕತ್ತರಿಸಿದೆ. ಎಳೆ ಎಣಿಸಬೇಕಾಗಲಿಲ್ಲ, ಕೈ ತಾನಾಗಿ ಹೋಯಿತು. ಯಾರು ಹೇಳಿದರು ನಿನಗೆ ಎಂದು ಅಂದು ಸಿಸ್ಟರ್ ಕೇಳಿದ್ದರು. ಬಾಗಿಲು ಮುಗಿಸಿ, ಕೊನೆಯ ಮೆಟ್ಟಿಲಿಗೆ ಬಂದಾಗ ಕುಸುಮ ಅದನ್ನೇ ಇನ್ನೊಮ್ಮೆ ಕೇಳಿದಳು. ಇಬ್ಬರಿಗೂ ಹೇಳಲು ಇಷ್ಟೇ ಇದೆ ನನ್ನ ಹತ್ತಿರ: ಡಬ್ಬಿ ನಾನು ತೆರೆಯಲಿಲ್ಲ.