ಮನೆ ಹೆಸರು ಹಿಡಿದು ಹೊರಟ ದಿನ

ನನಗೆ ಕಾಯುವುದೆಂದರೆ ಆಗದು. ಬಸ್ಸು ಸ್ವಲ್ಪ ತಡವಾದರೆ ಮುಂದಿನ ಸ್ಟಾಪಿಗೆ ನಡೆದುಬಿಡುವ ಜಾತಿ ನಾನು. ಅಂಥವಳು ಆ ದಿನ ಸುಳ್ಯದ ನಮ್ಮ ಕಾಲೇಜಿನ ಲ್ಯಾಬಿನ ಬಾಗಿಲಲ್ಲಿ ನಿಂತು ಒಬ್ಬ ವಿದ್ಯಾರ್ಥಿನಿಯ ದಾರಿ ಕಾಯುತ್ತಿದ್ದೆ. ಕಂಪ್ಯೂಟರ್ ನೆಟ್‌ವರ್ಕಿನ ಪ್ರಾಕ್ಟಿಕಲ್ ಪರೀಕ್ಷೆ. ಹೊರಗಿನಿಂದ ಬರುವ ಪರೀಕ್ಷಕರಿಗೆ ಮರುದಿನ ಆಗುವುದಿಲ್ಲವೆಂದು ಹಿಂದಿನ ಸಂಜೆಯಷ್ಟೇ ಅದನ್ನು ಒಂದು ದಿನ ಮುಂಚೆಗೆ ತಂದಿದ್ದರು. ವಾಟ್ಸಾಪ್ ಗ್ರೂಪಿಗೆ ಸುದ್ದಿ ಹಾಕಿ ಮುಗಿಸಿದ್ದೆವು. ಅವಳೊಬ್ಬಳಿಗೆ ಅದು ಮುಟ್ಟಿರಲಿಲ್ಲ. ಫೋನ್ ಮಾಡಿದರೆ ಸಿಗುತ್ತಿಲ್ಲ. ಸಂಜೆ ಪರೀಕ್ಷಕರು ಹೊರಟರೆ ಅವಳಿಗೆ ಗೈರುಹಾಜರಿ, ಒಂದು ವರ್ಷ ಹಾಳು.

ಊಟ ಬಿಟ್ಟು ಸ್ಕೂಟರ್ ಹತ್ತಿದೆ. ಕಾಲೇಜಿನಲ್ಲಿ ಸಿಕ್ಕಿದ್ದು ಅವಳ ಮನೆ ಹೆಸರು ಮತ್ತು ಮರ್ಕಂಜ ಎಂಬ ಊರು, ಅಷ್ಟೇ. ನಮ್ಮ ಕಡೆ ಅಷ್ಟು ಸಾಕು. ಬೀದಿ, ಮನೆ ನಂಬರು ಯಾರಿಗೂ ಬೇಡ. ಮನೆ ಹೆಸರು ಹೇಳಿ ಕೇಳುತ್ತ ಹೋದರೆ ಅಂಗಳಕ್ಕೇ ಮುಟ್ಟಿಸುತ್ತಾರೆ.

ಮೊದಲು ಸಿಕ್ಕ ಗೂಡಂಗಡಿಯವರು, "ಆಚೆ ಕಡೆಯ ಮನೆಗಳೆಲ್ಲ ನನಗೆ ಗೊತ್ತಿಲ್ಲ ಮೇಡಂ. ಹಾಲಿನ ಸೊಸೈಟಿಯಲ್ಲಿ ಕೇಳಿ, ಅವರಿಗೆ ಗೊತ್ತುಂಟು" ಎಂದರು. ನನಗೆ ಒಳಗೊಳಗೇ ಕುದಿಯಿತು. ಹಿಂದಿನ ತಿಂಗಳು ಇದೇ ಪಾಠವನ್ನು ಎಷ್ಟು ತಣ್ಣಗೆ ಮಾಡಿದ್ದೆ. ಇಂಟರ್ನೆಟ್ಟಿನಲ್ಲಿ ಒಂದು ಹೆಸರು ಟೈಪ್ ಮಾಡಿದರೆ, ಆ ಹೆಸರಿನ ಕಂಪ್ಯೂಟರ್ ಎಲ್ಲಿದೆ ಎಂದು ಮೊದಲು ಹುಡುಕಬೇಕು. ಹುಡುಕಾಟ ಶುರುವಾಗುವುದು ರೂಟ್ ಸರ್ವರಿನಿಂದ. ಎಲ್ಲದಕ್ಕೂ ಮೇಲೆ ಕೂತ ಅದಕ್ಕೆ ಆ ವಿಳಾಸ ಗೊತ್ತೇ ಇಲ್ಲ. ಹೆಸರಿನ ಕೊನೆಗೆ ಡಾಟ್ ಇನ್ ಇದ್ದರೆ, ಡಾಟ್ ಇನ್ ನೋಡಿಕೊಳ್ಳುವವರನ್ನು ಕೇಳು ಎನ್ನುತ್ತದೆ. ಅವರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ವಿಳಾಸ ಸಿಗುವುದು ಆ ಇನ್ನೊಬ್ಬರಲ್ಲಿ. ರೂಟ್ ಸರ್ವರುಗಳಿಗೆ ಇರುವುದು ಹದಿಮೂರೇ ಹೆಸರು. ಆ ಹೆಸರುಗಳಲ್ಲಿ ಲೋಕದ ತುಂಬ ಸಾವಿರಕ್ಕೂ ಹೆಚ್ಚು ಕಂಪ್ಯೂಟರುಗಳು ಕೂತು ಹಗಲಿರುಳು ಹೇಳುವುದು ಅದೊಂದೇ ಮಾತು, ಅಲ್ಲಿ ಕೇಳು ಅಂತ. ಕ್ಲಾಸಿನಲ್ಲಿ ಅದು ಬೋರ್ಡಿನ ಮೇಲೆ ಎಳೆದ ನಾಲ್ಕು ಬಾಣ. ಕೇಳುತ್ತ ಅಲೆಯುವವಳು ನಾನೇ ಆದಾಗ ನನಗೆ ತಡೆಯಲಾಗಲಿಲ್ಲ.

ಸೊಸೈಟಿ ಮುಟ್ಟುವ ಮೊದಲೇ ದಾರಿಯಲ್ಲಿ ಒಬ್ಬ ಹಿರಿಯರು ಸಿಕ್ಕರು. ಅವರನ್ನೇ ಕೇಳಿದೆ.

"ಆ ಮನೆಯಾ? ಎಂತ ಕೇಳುದು ಮಾರಾಯ್ರೆ, ನಾನು ಸಣ್ಣದಿರುವಾಗಿಂದ ನೋಡಿದ ಮನೆ. ಸೀದಾ ಹೋಗಿ, ಸಂಕ ದಾಟಿ ಬಲಕ್ಕೆ."

ಹೋದ ಜೀವ ಬಂದ ಹಾಗಾಯಿತು. ಸೊಸೈಟಿಯ ಕಡೆ ತಿರುಗಿಯೂ ನೋಡದೆ ಹಳ್ಳದ ಮೇಲಿನ ಸಂಕ ದಾಟಿದೆ. ಮನೆ ಸಿಕ್ಕಿತು. ಅದರಲ್ಲಿದ್ದವರು ಬೇರೆ.

"ಅವರು ಮಾರಿ ಹೋಗಿ ಸುಮಾರು ಸಮಯ ಆಯ್ತು. ಎಲ್ಲಿಗೆ ಅಂತ ನಮಗೆ ಸರಿ ಗೊತ್ತಿಲ್ಲ. ಊರಿನವರು ಈಗ ನಮ್ಮನ್ನೂ ಅದೇ ಹೆಸರಿನಲ್ಲಿ ಕರೆಯುದು" ಎಂದು ಜಗಲಿಯಲ್ಲಿದ್ದ ಹೆಂಗಸು ನಕ್ಕರು.

ನನಗೆ ನಗು ಬರಲಿಲ್ಲ. ಹಿರಿಯರು ಸುಳ್ಳು ಹೇಳಿದ್ದೂ ಅಲ್ಲ. ನಮ್ಮಲ್ಲಿ ಜಾಗ ಮಾರುತ್ತಾರೆ, ಮನೆ ಹೆಸರು ಮಾರುವುದಿಲ್ಲ. ಹೋದವರು ಅದನ್ನು ಹೊತ್ತುಕೊಂಡು ಹೋಗುತ್ತಾರೆ, ಹಳೆ ಮನೆಗೂ ಅದು ಅಂಟಿಕೊಂಡಿರುತ್ತದೆ. ಇಂಟರ್ನೆಟ್ಟಿನಲ್ಲೂ ಪ್ರತಿಸಲ ರೂಟ್ ತನಕ ಹೋಗಬೇಡವೆಂದು ನಡುವಿನ ಸರ್ವರುಗಳು ಹಳೆ ಉತ್ತರವನ್ನು ನೆನಪಿಟ್ಟು ಹೇಳುತ್ತವೆ. ಆದರೆ ಆ ನೆನಪಿಗೊಂದು ಅವಧಿ ಇರುತ್ತದೆ, ಅದು ಮುಗಿದರೆ ಮತ್ತೆ ಕೇಳಲೇಬೇಕು. ಊರಿನ ಹಿರಿಯರ ನೆನಪಿಗೆ ಅವಧಿ ಹಾಕುವವರು ಯಾರು?

ಗೊಣಗುತ್ತ ಹಿಂದೆ ಬಂದು ಸೊಸೈಟಿಯಲ್ಲಿ ಕೇಳಿದೆ. "ಅವರೀಗ ಕಲ್ಲುಗುಂಡಿಯಲ್ಲಿ, ಬಾಡಿಗೆ ಮನೆ. ಅಲ್ಲಿ ಬ್ಯಾರಿಯವರ ಜಿನಸಿನ ಅಂಗಡಿಯಲ್ಲಿ ಕೇಳಿ" ಎಂದರು. ಮತ್ತೆ ಅದೇ ಮಾತು. ಮಡಿಕೇರಿ ರಸ್ತೆಗೆ ಬಂದು, ಎದುರಿದ್ದ ಲಾರಿಗಳಿಗೆಲ್ಲ ಹಾರ್ನ್ ಬಾರಿಸುತ್ತ ಹೋದೆ. ಅಂಗಡಿಯವರು ಎದ್ದು ಬಂದು ಮನೆ ತೋರಿಸಿದರು. "ನಿನ್ನೆಯಿಂದ ಟವರ್ ಇಲ್ಲ ಮೇಡಂ, ಫೋನ್ ಎಲ್ಲಿ ಸಿಗುದು?" ಎಂದರು.

ಹುಡುಗಿ ಒಳಗೆ ಮರುದಿನದ ಪರೀಕ್ಷೆಗೆ ಓದುತ್ತಿದ್ದಳು. ವಿಷಯ ಕೇಳಿ ಅವಳ ಮುಖ ಬಿಳಿಚಿತು. ಅವಳ ಅಮ್ಮ ಚಾ ಕುಡಿಯಿರಿ ಎಂದದ್ದಕ್ಕೆ ಉತ್ತರಿಸಲೂ ಇಲ್ಲ, ಹುಡುಗಿಯನ್ನು ಹಿಂದೆ ಕೂರಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಬೈದೆ. "ಮನೆ ಬದಲಾದರೆ ಕಾಲೇಜಿಗೆ ಒಂದು ಮಾತು ಹೇಳಬಾರದಾ? ಇಲ್ಲದ ಮನೆಯನ್ನು ಎಷ್ಟು ಹುಡುಕುದು ನಾನು?"

ಕಾಲೇಜು ಮುಟ್ಟುವಾಗ ಪರೀಕ್ಷಕರು ಕಾರು ಹತ್ತಿಯಾಗಿತ್ತು. ಗೇಟಿಗೆ ಅಡ್ಡವಾಗಿ ಸ್ಕೂಟರ್ ನಿಲ್ಲಿಸಿ ಕೀ ತೆಗೆದೆ. "ಒಬ್ಬಳು ಬಾಕಿ ಇದ್ದಾಳೆ ಸರ್" ಎಂದೆ. ಅವರು ನನ್ನ ಮುಖ ನೋಡಿದರು, ವಾಚು ನೋಡಿದರು, ಇಳಿದರು.

ನಾನು ಲ್ಯಾಬಿನ ಹೊರಗೆ ಅತ್ತಿಂದಿತ್ತ ನಡೆಯುತ್ತಲೇ ಇದ್ದೆ. ಒಳಗೆ ಅವಳು ಹೆಸರು ಹೇಳುವುದಕ್ಕೂ ತಡವರಿಸುತ್ತಿದ್ದಳು. ಹೆದರಿಕೆ ಬಿಡಿಸಲಿಕ್ಕೆ ಇರಬೇಕು, ಪರೀಕ್ಷಕರು ಸುಲಭದ್ದೇ ಕೇಳಿದರು.

"ಮನೆ ಎಲ್ಲಿ ನಿಮ್ಮದು?"

"ಮರ್ಕಂಜ, ಸರ್."

ಅದೊಂದನ್ನು ತಡವರಿಸದೆ ಹೇಳಿದಳು. ಅಲ್ಲಿಂದ ಮುಂದಿನ ಉತ್ತರಗಳೂ ಒಂದೊಂದಾಗಿ ಬಂದವು. ಮಾರಿ ಹೋದರೂ ಅವಳಿಗೆ ಮನೆಯೆಂದರೆ ಅದೇ, ದಾರಿಯುದ್ದಕ್ಕೂ ಇಲ್ಲದ ಮನೆ ಎಂದು ನಾನು ಬೈದದ್ದೂ ಅದನ್ನೇ ಎಂದು ನನಗೆ ಆಗ ಗೊತ್ತಾಯಿತು. ಹೊರಗಿನ ಬೆಂಚಿನ ಮೇಲೆ ಕೂತು, ಅವಳು ಮುಗಿಸಿ ಬರುವ ತನಕ ಕಾದೆ.