ಕಾಕಾ ಅಗೆಯಬೇಡ ಎಂದ ಮೂಲೆ

ಅವರ ಎರಡೂ ಕೈ ಮೊಣಕೈವರೆಗೆ ನೀಲಿ. ಉಗುರಿನ ಸುತ್ತ ಕಪ್ಪು, ಅಂಗೈಯ ಗೆರೆಗಳಲ್ಲಿ ಮಾಸಿದ ಕೆಂಪು. ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಮುಚ್ಚಿ ವರ್ಷಗಳಾಗಿದ್ದರೂ ಮನೆಯ ಹಿತ್ತಲಲ್ಲಿ ನೇಕಾರರಿಗೆ ಒಂದೊಂದು ಲಡಿ ನೂಲು ಅದ್ದಿಕೊಡುತ್ತಿದ್ದರು, ಹಾಗಾಗಿ ಆ ಕೈ ಬೆಳ್ಳಗಾಗಲೇ ಇಲ್ಲ. ಮೊದಲ ದಿನ ಅವರು ಚಹಾ ಕೊಟ್ಟಾಗ ಕಪ್ ಹಿಡಿಯಲು ನಾನು ಹಿಂದೆಮುಂದೆ ನೋಡಿದೆ. ಅವರು ನಕ್ಕು, ಇದು ಹೊಲಸಲ್ಲ, ಬಣ್ಣ ಎಂದರು. ಊರಿಗೆಲ್ಲ ಅವರು ಬಣ್ಣದ ಕಾಕಾ. ನನಗೂ ಕಾಕಾ.

ಬಾಗಲಕೋಟೆ ಜಿಲ್ಲೆಯಾಗಿ ಹತ್ತು ವರ್ಷ ದಾಟಿತ್ತು. ಬನಹಟ್ಟಿ ಕಡೆಯ ಒಂದು ನೇಕಾರರ ಊರಿನಲ್ಲಿ ನನಗೆ ಕಿರಿಯ ಎಂಜಿನಿಯರ್ ಕೆಲಸ, ಅದೇ ಮೊದಲ ನೌಕರಿ. ಊರ ನಡುವೆ ಆ ಹಳೆಯ ಬಣ್ಣದ ಕಾರ್ಖಾನೆಯ ಜಾಗ ಹಾಳು ಬಿದ್ದಿತ್ತು. ಮಳೆ ಬಂದರೆ ಅಲ್ಲಿ ನೇರಳೆ, ಹಸಿರು ನೀರು ನಿಲ್ಲುತ್ತಿತ್ತು. ಆ ನೆಲ ಸ್ವಚ್ಛಮಾಡಿ ಅಂಗನವಾಡಿಯನ್ನೂ ಸಣ್ಣ ಉದ್ಯಾನವನ್ನೂ ಕಟ್ಟಲು ಸರ್ಕಾರದ ಅನುದಾನ ಬಂತು. ವಿಷದ ಗುಂಡಿಗಳು ಎಲ್ಲೆಲ್ಲಿವೆಯೆಂದು ನಕ್ಷೆಯಲ್ಲಿ ತೋರಿಸಬೇಕು, ಅಷ್ಟನ್ನು ಅಗೆದು ಸಾಗಿಸಲು ಮಾತ್ರ ಹಣ. ಆದರೆ ಗುಂಡಿಗಳ ನಕ್ಷೆ ಯಾರ ಬಳಿಯೂ ಇರಲಿಲ್ಲ. ಮಾಲೀಕರು ಊರು ಬಿಟ್ಟಿದ್ದರು. ಉಳಿದವರು ಮೂವತ್ತು ವರ್ಷ ಅಲ್ಲಿ ಬಣ್ಣ ಬೇಯಿಸಿದ ಕಾಕಾ ಒಬ್ಬರೇ.

ಅವರು ಬರಿಗಾಲಲ್ಲಿ ಆ ಜಾಗವನ್ನೆಲ್ಲ ಸುತ್ತಿದರು. ನಿಂತಲ್ಲೆಲ್ಲ ಒಂದು ಹಿಡಿ ಮಣ್ಣು ತೆಗೆದು ನೀರಲ್ಲಿ ಕದಡಿ, ತಿಳಿಯಾಗಲು ಬಿಟ್ಟು, ಅದರಲ್ಲಿ ಬಿಳಿ ಲಡಿ ಅದ್ದುತ್ತಿದ್ದರು. ಹಿಂಡಿ ಬಿಸಿಲಿಗೆ ಹಿಡಿದರೆ ಲಡಿಗೆ ಬಣ್ಣ ಏರಿರುತ್ತಿತ್ತು. ಅಲ್ಲಿ ನಾನು ಸುಣ್ಣದ ಗೆರೆ ಹಾಕುತ್ತಿದ್ದೆ. ನಿಮ್ಮ ಸಾಲಿಯಲ್ಲಿ ಇದನ್ನು ಕಲಿಸಲಿಲ್ಲವೇನು ಎಂದು ಆಗಾಗ ಕೆಣಕುತ್ತಿದ್ದರು. ಖರೆಯೆಂದರೆ ಕಲಿಸಿರಲಿಲ್ಲ.

ಮೂಡಣ ಮೂಲೆಗೆ ಬಂದಾಗ ಲಡಿ ಬಿಳಿಯಾಗಿಯೇ ಮೇಲೆ ಬಂತು. ಅಲ್ಲೊಂದು ಕೈಪಂಪಿನ ಬೋರಿಂಗ್ ಇತ್ತು, ಅಕ್ಕಪಕ್ಕದ ಹತ್ತಾರು ಮನೆಯವರು ಅದನ್ನೇ ಜಗ್ಗಿ ನೀರು ಒಯ್ಯುತ್ತಿದ್ದರು. ಕಾಕಾನ ಮುಖ ಅರಳಿತು. ಬೇರೆ ಕಾರ್ಖಾನೆಗಳವರು ಬಣ್ಣದ ನೀರನ್ನು ಹಾಗೇ ಗಟಾರಕ್ಕೆ ಬಿಡುತ್ತಿದ್ದರಂತೆ. ಇವರು ದಿನಾ ಸಂಜೆ ಬ್ಲೀಚಿಂಗ್ ಪುಡಿ ಹಾಕಿ, ಕೈಯಾಡಿಸಿ, ನೀರು ತಿಳಿಯಾದ ಮೇಲೆಯೇ ಈ ಮೂಲೆಯ ಇಂಗುಗುಂಡಿಗೆ ಸುರಿಯುತ್ತಿದ್ದರು. ಮಾಲೀಕ ಪುಡಿಯ ಖರ್ಚಿಗೆ ಬೈದರೂ ಬಿಡಲಿಲ್ಲವಂತೆ.

“ಬಣ್ಣ ಸತ್ತ ಮ್ಯಾಲ ಅದು ಬರೇ ನೀರ, ಯವ್ವಾ. ಈ ಮೂಲಿ ಅಗೀಬ್ಯಾಡ್ರಿ, ರೊಕ್ಕ ದಂಡ” ಎಂದರು.

ಬೋರಿಂಗ್ ಜಗ್ಗಿ ತಾವೂ ಕುಡಿದು ನನಗೂ ಒಂದು ಲೋಟ ನೀರು ಕೊಟ್ಟರು. ತಣ್ಣಗಿತ್ತು, ಕುಡಿದೆ. ಆ ಮೂಲೆಯನ್ನು ಅಗೆಯುವ ಪಟ್ಟಿಯಿಂದ ಬಿಟ್ಟು, ನಕ್ಷೆಯಲ್ಲಿ ಅಂಗನವಾಡಿಯನ್ನು ಅಲ್ಲೇ ಬರೆದು ಮಂಜೂರಾತಿಗೆ ಕಳಿಸಿದೆ.

ಮಣ್ಣಿನ ಮಾದರಿ ಒಯ್ಯಲು ಬಂದ ಪ್ರಯೋಗಾಲಯದವನ ಹತ್ತಿರ ಒಂದು ಬಾಟಲಿ ಉಳಿದಿತ್ತು. ಹೋಲಿಸಿ ನೋಡಲು ಒಳ್ಳೆಯ ಮಣ್ಣು ಬೇಕು ಎಂದ. ಕಾಕಾ ಉತ್ಸಾಹದಿಂದ ಆ ಮೂಲೆಯದನ್ನೇ ತುಂಬಿಕೊಟ್ಟರು. ವರದಿ ಬಂತು. ಸೀಸವೂ ಕ್ರೋಮಿಯಮ್ಮೂ ಎಲ್ಲಕ್ಕಿಂತ ಹೆಚ್ಚಿದ್ದದ್ದು ಒಳ್ಳೆಯ ಮಣ್ಣಿನ ಬಾಟಲಿಯಲ್ಲಿ. ಬಾಟಲಿ ಅದಲುಬದಲಾಗಿರಬೇಕೆಂದು ನಾನೇ ಹೋಗಿ ಮತ್ತೆ ಮಣ್ಣು ತುಂಬಿದೆ, ಜೊತೆಗೆ ಬೋರಿಂಗಿನ ನೀರನ್ನೂ ಕಳಿಸಿದೆ. ಉತ್ತರ ಬದಲಾಗಲಿಲ್ಲ. ನೀರಿನಲ್ಲೂ ಅದೇ ವಿಷ.

ಮೇಲಧಿಕಾರಿ ಬಾಗಿಲು ಹಾಕಿಸಿ ನನ್ನನ್ನು ಕೂರಿಸಿದರು. ನಕ್ಷೆ ಬದಲಿಸಿದರೆ ಕಡತ ಬೆಂಗಳೂರಿಗೆ ವಾಪಸು ಹೋಗುತ್ತದೆ, ಅನುದಾನವೇ ಕೈತಪ್ಪಬಹುದು. ಬೋರಿಂಗ್ ಮುಚ್ಚಿಸಿ, ಮೇಲೊಂದಿಷ್ಟು ಕೆಂಪು ಮಣ್ಣು ಹರವಿ ಕಟ್ಟಿಬಿಡೋಣ ಎಂದರು. ಸುಳ್ಳೇಕೆ ಹೇಳಲಿ, ನಾನು ಅರ್ಧ ಒಪ್ಪಿದ್ದೆ. ನೌಕರಿ ಹೊಸದು.

ಕಾಕಾನಿಗೆ ಹೇಳಿದೆ. ಅವರು ನಂಬಲಿಲ್ಲ. ಆ ಮಣ್ಣನ್ನು ಕದಡಿ ಮತ್ತೆ ಲಡಿ ಅದ್ದಿದರು. ಬೆಳ್ಳಗೆ ಬಂತು. ಇನ್ನೊಂದು ಅದ್ದಿದರು. ಅದೂ ಬೆಳ್ಳಗೆ. ಈ ವಿಷಕ್ಕೆ ಬಣ್ಣವೇ ಇಲ್ಲ, ಬ್ಲೀಚಿಂಗ್ ಹಾಕಿದರೆ ಬಣ್ಣ ಹೋಗುತ್ತದೆ, ಇದು ಹೋಗುವುದಿಲ್ಲ ಎಂದು ವಿವರಿಸಿದೆ.   ಅವರು ತಲೆಯ ರುಮಾಲು ಬಿಚ್ಚಿ ಬೋರಿಂಗಿನ ಹಿಡಿಕೆಯನ್ನು ಬಿಗಿಯಾಗಿ ಕಟ್ಟಿದರು. ಅಂದೇ ಮನೆಮನೆಗೆ ಹೋಗಿ ಆ ನೀರು ಒಯ್ಯಬೇಡಿರೆಂದು ಹೇಳಿಬಂದರು.

ಆ ವಾರ ಈ ಕಾಮಗಾರಿಯ ಬಗ್ಗೆ ನಡೆದ ಊರ ಸಭೆಯಲ್ಲಿ ಕಾಕಾ ಹಿಂದಿನ ಬೆಂಚಿನಿಂದ ಎದ್ದು ನಿಂತರು.

“ಆ ಮೂಲಿ ಸ್ವಚ್ಛ ಐತಿ ಅಂತ ತೋರಿಸಿದಾಂವ ನಾನು. ತಪ್ಪ ನಂದು, ಹಂಗಽ ಬರಕೋರಿ. ಕೂಸುಗೋಳು ಅಲ್ಲಿ ಕುಂದರಬಾರದು.”

 ಮೇಲಧಿಕಾರಿಗೆ ಬರೆದುಕೊಳ್ಳದೆ ವಿಧಿಯಿರಲಿಲ್ಲ. ನಾನೂ ಎದ್ದು ವರದಿಯನ್ನು ಮೇಜಿನ ಮೇಲಿಟ್ಟೆ. ಅವರು ಮೊದಲು ಎದ್ದಿರದಿದ್ದರೆ ನಾನು ಏಳುತ್ತಿರಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು.

ಕಡತ ಬೆಂಗಳೂರಿಗೆ ವಾಪಸು ಹೋಯಿತು, ಕೆಲಸ ನಿಂತಿತು. ಬಂದ ಅನುದಾನಕ್ಕೆ ಮುದುಕ ಕಲ್ಲು ಹಾಕಿದ ಎಂದು ಊರವರು ಬೈದರು. ಆ ಬೋರಿಂಗಿನ ನೀರು ಕುಡಿದ ಮನೆಯವರು ಅವರನ್ನು ಮಾತಾಡಿಸುವುದನ್ನೇ ಬಿಟ್ಟರು. ಕಾಕಾ ಯಾರಿಗೂ ಎದುರಾಡಲಿಲ್ಲ. ಮನೆಯಲ್ಲಿ ಬಣ್ಣ ಅದ್ದುವುದನ್ನೂ ನಿಲ್ಲಿಸಿದರು.

ಎರಡನೆಯ ಮಂಜೂರಾತಿ ಬರುವ ಹೊತ್ತಿಗೆ ಅವರು ಜಮಖಂಡಿಯ ಆಸ್ಪತ್ರೆಯಲ್ಲಿದ್ದರು. ಮೂಲೆ ಅಗೆಯಲು ಹಣ ಬಂತು, ಅಂಗನವಾಡಿಯ ಜಾಗ ರಸ್ತೆ ಬದಿಗೆ ಬದಲಾಯಿತು ಎಂದು ಹೇಳಲು ಓಡಿಹೋದೆ. ಕೇಳಿ ಕಣ್ಣು ಮುಚ್ಚಿದರು. ನಿದ್ದೆ ಹತ್ತಿತೇನೋ ಎಂದುಕೊಂಡೆ.

“ನಮ್ಮಾಕಿ ಹಾಸಿಗಿ ಹಿಡದಾಗ ನಳದ ನೀರ ಹೊಲಸು ಅಂತ ಆ ಬೋರಿಂಗಿನ ನೀರಽ ತಂದು ಕುಡಿಸೇನಿ” ಎಂದರು. “ಅದರಿಂದನಽ ಹೋದ್ಳೇನ ಯವ್ವಾ?”

 ಇಷ್ಟು ದಿನ ಈ ಮನುಷ್ಯ ತೀರಿಹೋದ ಹೆಂಡತಿಯ ಬಗೆಗಿನ ಈ ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡು ಓಡಾಡಿದ್ದರು. ಅಲ್ಲ ಎಂದುಬಿಡೋಣ ಎನಿಸಿತು. ಆದರೆ ಗೊತ್ತಿಲ್ಲ ಕಾಕಾ, ಈಗ ಯಾರಿಂದಲೂ ಹೇಳಲಾಗದು ಎಂದೆ.

ಅವರು ತಲೆಯಾಡಿಸಿದರು. “ಹಂಗಽ ಹೇಳು. ನಾನು ಗೊತ್ತೈತಿ ಅಂದು ಕೆಟ್ಟೆ.”

ಎಂಟು ದಿನಕ್ಕೆ ತೀರಿಕೊಂಡರು. ಮುಂದಿನ ತಿಂಗಳು ಮೂಲೆ ಅಗೆಸಿದೆ. ಮೇಲೆ ಬಂದದ್ದು ತಿಳಿಬಣ್ಣದ ಹಸನಾದ ಮಣ್ಣು, ಹೊಲಕ್ಕೆ ಹಾಕಬಹುದು ಎನಿಸುವಂಥದ್ದು. ಇಷ್ಟು ಛಲೋ ಮಣ್ಣನ್ನು ಯಾಕೆ ಚೆಲ್ಲುತ್ತೀರಿ ಎಂದು ಲಾರಿಯವನು ಕೇಳಿದ.  ಇನ್ನೂ ಒಂದು ಮೊಳ ಆಳಕ್ಕೆ ಅಗೆಯಲು ಹೇಳಿದೆ.