ಪಕ್ಕಾ ಪುಟದ ದಸ್ತಗೀರ ಚಾಚಾ

ವೆಬ್‌ಸೈಟಿಗೆ ಹೊಸದೇನನ್ನಾದರೂ ಏರಿಸುವ ಕೊನೆಯ ಗಳಿಗೆಯಲ್ಲಿ ದಸ್ತಗೀರ ಚಾಚಾ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಎಡಗೈಯನ್ನು ಬೆನ್ನ ಹಿಂದಿಟ್ಟುಕೊಂಡು, ಬಲಗೈಯ ಒಂದೇ ಬೆರಳಿನಿಂದ ಗುಂಡಿ ಒತ್ತುತ್ತಿದ್ದರು. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಮೂವತ್ತು ವರ್ಷ ಯಂತ್ರ ನೋಡಿಕೊಂಡು ನಿವೃತ್ತರಾದವರು ಅವರು. "ನಡಿಯೂ ಮಷೀನಿಗೆ ಕುಂತು ಕೈ ಹಚ್ಚಬಾರದ್ರಿ ಬಾಯಾರ. ಒಂದ ಕೈ ಹಿಂದ ಇರಬೇಕು. ಎರಡೂ ಕೈ ಮುಂದ ಹೋದ್ರ ಗಡಿಬಿಡಿ ಆಗತೈತಿ" ಎನ್ನುತ್ತಿದ್ದರು.

ದಾಂಡೇಲಿಯಲ್ಲಿ ನಮ್ಮದು ಊರಿನವರೇ ಸೇರಿ ನಡೆಸುವ ಸಣ್ಣ ರೇಡಿಯೋ. ಅದರ ಉಸ್ತುವಾರಿ ನನ್ನದು, ಅದಕ್ಕೇ ಚಾಚಾಗೆ ನಾನು 'ಬಾಯಾರು', ಅಂದರೆ ಮೇಡಮ್ಮು. ಮೊದಲು ಮೈಕು, ವೈರು ರಿಪೇರಿಗೆಂದು ಬರುತ್ತಿದ್ದ ಚಾಚಾ ಅರವತ್ತು ದಾಟಿದ ಮೇಲೆ ಹಠ ಹಿಡಿದು ಕಂಪ್ಯೂಟರ್ ಕಲಿತರು. ಮೊಮ್ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಪ್ರತಿಯೊಂದು ಹೆಜ್ಜೆಯನ್ನೂ ಬರೆದುಕೊಂಡು, ನಮ್ಮ ವೆಬ್‌ಸೈಟನ್ನು ತಮ್ಮ ಸುಪರ್ದಿಗೆ ತೆಗೆದುಕೊಂಡರು.

ಅವರ ಪರದೆಯ ಮೇಲೆ ಯಾವಾಗಲೂ ಎರಡು ಪುಟಗಳು ತೆರೆದಿರುತ್ತಿದ್ದವು. ಒಂದು ಜನ ನೋಡುವಂಥದ್ದು, ಇನ್ನೊಂದು ಅದರದೇ ನಕಲು. ಅವರ ಭಾಷೆಯಲ್ಲಿ ಪಕ್ಕಾ ಪುಟ, ಕಚ್ಚಾ ಪುಟ. ಏನೇ ಬದಲಾವಣೆಯಿದ್ದರೂ ಮೊದಲು ಕಚ್ಚಾದಲ್ಲಿ. ಅದನ್ನು ತಮ್ಮ ಫೋನಿನಲ್ಲಿ, ನನ್ನ ಫೋನಿನಲ್ಲಿ, ಕಸ ಗುಡಿಸುವ ಯಲ್ಲವ್ವನ ಗಾಜು ಒಡೆದ ಫೋನಿನಲ್ಲಿ ತೆರೆದು ನೋಡಿ, ಮೂರರಲ್ಲೂ ಅಕ್ಷರ ಸರಿಯಾಗಿ ಕಂಡರೆ ಮಾತ್ರ ಪಕ್ಕಾಕ್ಕೆ.

ವೆಬ್‌ಸೈಟಿಗೆ ಹೊಸ ರೂಪ ಕೊಡಬೇಕೆಂದು ತೀರ್ಮಾನವಾದಾಗ ಅವರು ಕಚ್ಚಾ ಪುಟದ ಮೇಲೆ ಹದಿನೈದು ದಿನ ಕೂತರು. ಹಳೆಯದು ತನ್ನ ಪಾಡಿಗೆ ನಡೆದೇ ಇತ್ತು. ನನಗೆ ತಾಳ್ಮೆ ತಪ್ಪಿತು.

"ಚಾಚಾ, ದುರಸ್ತಿ ನಡದೈತಿ ಅಂತ ಒಂದು ಬೋರ್ಡ್ ಹಾಕಿ ಎರಡು ದಿನ ಬಂದ್ ಮಾಡಿಬಿಡ್ರಿ. ಬೇಗ ಮುಗೀತೈತಿ."

ಅವರು ಕನ್ನಡಕ ತೆಗೆದು ನನ್ನತ್ತ ತಿರುಗಿದರು. "ನಮ್ಮ ರೇಡಿಯೋ ಎಲ್ಲೀತನಕ ಕೇಳಸತೈತ್ರಿ? ಊರ ದಾಟಿ ಸ್ವಲ್ಪ ಹೋದ್ರ ಬರೇ ಅಡವಿ. ಅಡವಿ ಒಳಗಿನ ಕುಂಬಾರವಾಡದವರಿಗೆ ಈ ಪುಟಾನ ರೇಡಿಯೋ. ಅಲ್ಲಿ ನೆಟ್ ಸಿಗೂದ ಒಂದ ಕಟ್ಟಿ ಮ್ಯಾಲೆ. ಯಾರೋ ಒಬ್ಬಾಕಿ ಬಸ್ ಐತ್ಯೋ ಇಲ್ಲೋ ನೋಡಾಕ ಅಲ್ಲೀತನಕ ನಡಕೊಂಡ ಬಂದ್ಲು ಅನ್ರಿ. ನಿಮ್ಮ ಬೋರ್ಡ್ ನೋಡಿ ಆಕಿ ಏನ್ ಮಾಡಬೇಕು?"

ಬೋರ್ಡಿನ ಮಾತು ಅಲ್ಲಿಗೇ ಬಿಟ್ಟೆ. ಆದರೆ ಪಾಠ ಕಲಿಯಲಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಹೊರಗಿನ ಊರುಗಳ ರೇಡಿಯೋದವರು ನಮ್ಮ ನಿಲಯ ನೋಡಲು ಬರುವವರಿದ್ದರು. ಅಷ್ಟರೊಳಗೆ ಹೊಸ ಪುಟ ಮೆರೆಯಬೇಕೆಂದು ನನಗೆ ಆಸೆ. ಚಾಚಾ ಸೋಮವಾರ ಎಂದಿದ್ದರು. ಅವರು ಜುಮ್ಮಾ ನಮಾಜಿಗೆ ಹೋದಾಗ ನಾನು ಅವರ ಕುರ್ಚಿಯಲ್ಲಿ ಕೂತೆ. ಅವರ ಹೆಸರಿನಲ್ಲೇ ಎಲ್ಲ ತೆರೆದಿತ್ತು. ಬಸ್ಸಿನಂಥ ಸೂಚನೆಗಳು ಬರುವ ಜಾಗ ಹೇಗೆ ಕಾಣುತ್ತದೋ ನೋಡೋಣವೆಂದು, ತೋಚಿದ ಒಂದು ಸಾಲು ಟೈಪಿಸಿದೆ: ಇಂದು ಮಧ್ಯಾಹ್ನ ಕುಂಬಾರವಾಡದಿಂದ ಜೋಯಿಡಾಕ್ಕೆ ಬಸ್ ಇರುವುದಿಲ್ಲ.

ಕಚ್ಚಾ ಪುಟ ಎಂದುಕೊಂಡಿದ್ದೆ. ಅದು ಪಕ್ಕಾ ಪುಟವಾಗಿತ್ತು. ಯಾರೋ ಫೋನ್ ಮಾಡಿದರೆಂದು ಎದ್ದು ಹೋದೆ. ಮುಕ್ಕಾಲು ಗಂಟೆಯ ನಂತರ ಬಂದು ನೋಡಿದವಳೇ ಸಾಲನ್ನು ಅಳಿಸಿದೆ. ಯಾರೂ ನೋಡಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಕುಂಬಾರವಾಡದ ಶೇವಂತಿ ಎಂಬ ಹುಡುಗಿ ನೋಡಿದ್ದಳು. ಅಂಗನವಾಡಿ ಕೆಲಸಕ್ಕೆ ಅವಳ ಮೂಲ ಕಾಗದಪತ್ರಗಳನ್ನು ಜೋಯಿಡಾದ ತಾಲೂಕು ಕಚೇರಿಯಲ್ಲಿ ತೋರಿಸಲು ಅಂದೇ ಕೊನೆಯ ದಿನ. ಬಸ್ಸಿಲ್ಲವೆಂದು ಓದಿ, ಯಾವುದಾದರೂ ಗಾಡಿ ಸಿಕ್ಕೀತೇ ಎಂದು ಮನೆಮನೆ ಅಲೆಯುತ್ತಿದ್ದಾಗ ಬಸ್ಸು ಬಂದು ಹೋಗಿಯೇಬಿಟ್ಟಿತ್ತು. ಮರುದಿನ ಅವಳ ಅಣ್ಣ ನಿಲಯಕ್ಕೆ ಫೋನ್ ಮಾಡಿದ. ಬೈಯಲಿಲ್ಲ. "ನೀವು ಬರೆದದ್ದು ಖರೇ ಅಂತ ನಂಬಿದ್ವಿ" ಎಂದಷ್ಟೇ ಹೇಳಿದ.

ರೇಡಿಯೋದ ಸಮಿತಿ ಸೇರಿತು. ಅಳಿಸಿದ್ದರೂ ಆ ಸಾಲು ಕಂಪ್ಯೂಟರಿನಲ್ಲಿ ದಸ್ತಗೀರರ ಹೆಸರಿನಲ್ಲಿ ದಾಖಲಾಗಿತ್ತು. ಅಧ್ಯಕ್ಷರು ಕೇಳಿದರು: "ಏನ್ರಿ ದಸ್ತಗೀರ, ಇದು ನೀವು ಬರದದ್ದ?"

ಆ ಹೊತ್ತಿಗೆ ಅವರು ಮಸೀದಿಯಲ್ಲಿದ್ದರು ಎಂದು ನಾನೊಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಚಾಚಾ ನನ್ನ ಮುಖ ನೋಡಿದರು. ನಾನು ಮೇಜಿನ ಮೇಲಿದ್ದ ನೀರಿನ ಲೋಟ ನೋಡಿದೆ. ನಾನು ಹೇಳಲೆಂದು ಅವರು ಕಾದರು.

"ನನ್ನ ಹೆಸರಲೆ ಆಗೈತಿ ಅಂದ್ರ ಜವಾಬ್ದಾರಿ ನಂದರಿ" ಎಂದರು.

ವೆಬ್‌ಸೈಟಿನ ಕೆಲಸ ಹುಬ್ಬಳ್ಳಿಯ ಯಾರಿಗೋ ಹೋಯಿತು. ಚಾಚಾ ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಿಟ್ಟು, "ಹೊಸಬರಿಗೆ ಉಪಯೋಗ ಆಗತೈತಿ" ಎಂದು ಹೊರಟರು. ಹೋದವರು ಸುಮ್ಮನಿರಲಿಲ್ಲವಂತೆ. ಕುಂಬಾರವಾಡಕ್ಕೆ ಹೋಗಿ ಶೇವಂತಿಯನ್ನು ಕರೆದುಕೊಂಡು ಜೋಯಿಡಾದ ಕಚೇರಿಯ ಬಾಗಿಲಲ್ಲಿ ಎರಡು ದಿನ ಕೂತಿದ್ದರಂತೆ. ಅಲ್ಲಿಯವರು ಗಡುವು ಮುಗಿದಿದೆ ಎಂದರು. ಈ ಸುದ್ದಿ ಅವಳ ಅಣ್ಣನಿಂದ ತಿಳಿದಾಗಲೂ ನಾನು ಬಾಯಿ ತೆರೆಯಲಿಲ್ಲ.

ಅವರನ್ನು ಕೊನೆಯ ಸಲ ಕಂಡದ್ದು ಹಳಿಯಾಳದ ಬಸ್ ನಿಲ್ದಾಣದಲ್ಲಿ. ಅಲ್ಲಿ ಮಗಳ ಮನೆಯಲ್ಲಿದ್ದರು. ಸೊರಗಿದ್ದರು.

"ಪುಟ ಚಲೋ ನಡದೈತಿಲ್ರಿ ಬಾಯಾರ?"

"ಹೂಂ ಚಾಚಾ."

"ಮೊನ್ನೆ ಒಂದ ತಾಸು ಬಂದ್ ಆಗಿತ್ತು. ಯಾವಾಗ ಚಾಲೂ ಆಗತೈತಿ ಅಂತ ಬರೀಲಿಕ್ಕೆ ಹೇಳ್ರಿ ಅವರಿಗೆ. ಬರೇ ಕ್ಷಮಿಸಿ ಅಂದ್ರ ಸಾಲೂದಿಲ್ಲ."

ಹೇಳಿಬಿಡಬೇಕೆಂದು ಅವರ ಹತ್ತಿರ ಸರಿದೆ. ದಾಂಡೇಲಿ ಬಸ್ಸು ಬಂತು. ಸೀಟು ಸಿಗುವುದಿಲ್ಲವೆಂಬ ನೆಪ ಮಾಡಿಕೊಂಡು ಓಡಿ ಹತ್ತಿದೆ.

ಅವರು ತೀರಿಕೊಂಡ ಸುದ್ದಿ ತಿಳಿದ ಮೇಲೆ ಸಮಿತಿಯ ಮುಂದೆ ಎಲ್ಲವನ್ನೂ ಹೇಳಿದೆ. "ಆತು ಬಿಡ್ರಿ, ಈಗ ಹೇಳಿ ಏನು" ಎಂದರು ಅಧ್ಯಕ್ಷರು. ಶಿಕ್ಷೆಯೂ ಇಲ್ಲ, ಬೈಗುಳವೂ ಇಲ್ಲ. ಶೇವಂತಿಗೂ ಫೋನ್ ಮಾಡಿ ಹೇಳಿದೆ. ಅವಳು ಕೇಳಿಸಿಕೊಂಡು ಫೋನ್ ಇಟ್ಟಳು.

ಕೊನೆಗೆ ಒಂದು ಭಾನುವಾರ, ನನ್ನ ರಜೆಯ ದಿನ, ಹಳಿಯಾಳಕ್ಕೆ ಹೋದೆ. ಮಗಳು ಜುಬೇದಾ ಬಾಗಿಲು ತೆರೆದು, ಕೂರಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿದಳು.

"ಅಬ್ಬಾಗ ಗೊತ್ತಿತ್ರಿ" ಎಂದಳು. "ತಪ್ಪು ನಿಮ್ದು ಅಂತ ನಮ್ಮ ಮುಂದ ಒಮ್ಮೆನೂ ಹೇಳಲಿಲ್ಲ. ಆದ್ರ ಐತವಾರ ಮಾತ್ರ ಮನಿ ಬಿಟ್ಟು ಎಲ್ಲೂ ಹೋಗ್ತಿರಲಿಲ್ಲ. ಯಾಕ ಅಂತ ಕೇಳಿದ್ರ, ರೇಡಿಯೋದ ಬಾಯಾರಿಗೆ ಐತವಾರ ಸೂಟಿ, ಇವತ್ತ ಬಂದ್ರೂ ಬರಬಹುದು ಅಂತಿದ್ರು."